ಕಡೇ ಗದ್ದೆಗೆ ಮೊದಲ ನೀರು

"ಯಾರದು, ತೂಬು ಎತ್ತಿದೋರು?"

ಹಾಲಿನ ವ್ಯಾನು ಬೀದಿಗೆ ಬರುವ ಹೊತ್ತಿನಲ್ಲಿ ಹಾಸಿಗೆಯ ಮೇಲೆ ಎದ್ದು ಕೂತು ದ್ರೌಪದಮ್ಮ ಹೀಗೆ ಕೇಳಿದಳು. ಕೇಳಿದ್ದು ಯಾರನ್ನೂ ಅಲ್ಲ. ಪಕ್ಕದ ಕೋಣೆಯಲ್ಲಿ ಮಗಳು ತೇಜಸ್ವಿನಿ ಫ್ಯಾನು ಜೋರು ಮಾಡಿಕೊಂಡು ಮಲಗಿದ್ದಳು. ಮನೆಯಲ್ಲಿ ಮೂರನೆಯವರು ಇರಲಿಲ್ಲ. ಆದರೂ ಮಾತು ತಾನಾಗಿ ಬಾಯಿಂದ ಬಿದ್ದುಹೋಯಿತು. ಕೆರೆಯ ನೀರನ್ನು ಗದ್ದೆಗಳಿಗೆ ಹಂಚುವ ನೀರುಗಂಟಿಯ ಹೆಂಡತಿಯಾಗಿ ಬಾಳಿದವಳಿಗೆ ನಲ್ಲಿಯ ಸದ್ದು ಯಾವುದು, ಕಾಲುವೆಯ ಸದ್ದು ಯಾವುದು ಎಂದು ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ. ಇದು ನಲ್ಲಿಯಲ್ಲ. ಎತ್ತಿದ ತೂಬಿನಿಂದ ಮೊದಲ ನೀರು ಬಿಟ್ಟಾಗ ಅದು ಒಣಮಣ್ಣನ್ನು ನೆಕ್ಕುತ್ತ, ತರಗೆಲೆಯನ್ನು ತಳ್ಳುತ್ತ, ಹೆಜ್ಜೆ ಹೆಜ್ಜೆಗೆ ನಿಂತು ಯೋಚಿಸುತ್ತ ಬರುವ ಸದ್ದು. ಅದು ಬರುತ್ತಿದ್ದುದು ಅವಳ ಹಾಸಿಗೆಯ ಕೆಳಗಿನಿಂದ, ನೆಲಕ್ಕೆ ಹಾಸಿದ ಟೈಲ್ಸಿನ ಕೆಳಗಿನಿಂದ.

ಅವಳು ಬಾಗಿ ಅಂಗೈಯನ್ನು ನೆಲಕ್ಕೆ ಊರಿದಳು. ಟೈಲ್ಸು ಬೆಚ್ಚಗಿತ್ತು. ಬೇಸಗೆ. ಅಟ್ಟೂರಿನ ಆ ಕಡೆಗೆಲ್ಲ ಬೋರ್‌ವೆಲ್ ಬತ್ತಿ ಟ್ಯಾಂಕರ್ ನೀರು ಬರುತ್ತಿದ್ದ ಕಾಲ. ಹುಣಸೇಕಟ್ಟೆ ಕೆರೆಯ ತೂಬಿಗೆ ಸಿಮೆಂಟು ಹಾಕಿ ಮುಚ್ಚಿ ಹದಿನೆಂಟು ವರ್ಷವಾಗಿತ್ತು.

ಎದ್ದು ದೀಪ ಹಾಕಿದಾಗ ಬಾಗಿಲ ಮೂಲೆಯಲ್ಲಿ ಒರಗಿಸಿಟ್ಟಿದ್ದ ಕೋಲು ಕಣ್ಣಿಗೆ ಬಿತ್ತು. ತೀರಿಹೋದ ಗಂಡ ಅಶ್ವತ್ಥಪ್ಪನ ಕೋಲು. ಅದರ ಮೈಮೇಲೆ ಗೇಣಿಗೊಂದರಂತೆ ಏಳು ಕಚ್ಚುಗಳಿದ್ದವು. ತೂಬಿನ ಬಾಯಲ್ಲಿ ಇಳಿಬಿಟ್ಟು, ಕೆರೆಯಲ್ಲಿ ಎಷ್ಟು ಗೇಣು ನೀರಿದೆ, ಎಷ್ಟು ಗದ್ದೆಗೆ ಎಷ್ಟು ಹೊತ್ತು ಬಿಡಬಹುದು ಎಂದು ಅಳೆಯುವ ಕೋಲು ಅದು. ಅವನು ಸತ್ತಮೇಲೆ ಅದಕ್ಕೆ ಜೇಡ ಬಲೆ ಕಟ್ಟಿತ್ತು.

ಈಗ ಅದರ ಬುಡ ಒದ್ದೆಯಾಗಿತ್ತು. ಸರಿಯಾಗಿ ಮೊದಲನೇ ಕಚ್ಚಿನವರೆಗೆ, ಗೆರೆ ಎಳೆದಂತೆ. ನೆಲದಲ್ಲಿ ಒಂದು ಹನಿಯಿಲ್ಲ.

*

ಅಂದು ಹತ್ತು ಗಂಟೆಗೆ ಮೈದುನ ಯೋಗಾನಂದ ಬಂದ. ಕೊರಳಲ್ಲಿ ವಾರ್ಡಿಗೆ ನಿಂತಿದ್ದ ನಾಗಲಿಂಗಪ್ಪನ ಫೋಟೋ ಇದ್ದ ಪಟ್ಟಿ, ಕೈಯಲ್ಲಿ ಎರಡು ಫೋನು. ವರ್ಷಗಟ್ಟಲೆ ಕಾಯಿಸಿ ಕೊನೆಗೂ ಬಂದ ವಾರ್ಡ್ ಎಲೆಕ್ಷನ್ನು. ಯೋಗಾನಂದ ಚಪ್ಪಲಿ ಸವೆಸಿಕೊಂಡು ಓಡಾಡುತ್ತಿದ್ದ.

"ಅತ್ತಿಗೆ, ಕಾಫಿ ಗೀಫಿ ಏನೂ ಬೇಡ, ಟೈಮಿಲ್ಲ," ಎನ್ನುತ್ತ ಕುರ್ಚಿ ಎಳೆದು ಕೂತು, ತೇಜಸ್ವಿನಿ ತಂದ ಕಾಫಿ ಕುಡಿದ. "ಬರೋ ಭಾನುವಾರ ಬೆಳಿಗ್ಗೆ ತೂಬಿನ ಹತ್ರ ನೀರು ಮುಟ್ಟಿಸ್ಬೇಕು. ನೀವು ಹುಯ್ಯಬೇಕು."

ದ್ರೌಪದಮ್ಮ ಬಿಡಿಸುತ್ತಿದ್ದ ಬೆಳ್ಳುಳ್ಳಿಯನ್ನು ಬಿಟ್ಟು ತಲೆಯೆತ್ತಿದಳು.

ನೀರು ಮುಟ್ಟಿಸುವುದು ಆ ಕೆರೆಯ ಕೆಳಗಿನವರ ಹಳೆಯ ಕಟ್ಟು. ನೀರಿನ ಜಗಳ ಮಿತಿಮೀರಿದಾಗ ನೀರುಗಂಟಿ ತಾಮ್ರದ ಚೊಂಬಿನಲ್ಲಿ ತೂಬಿನ ನೀರು ತೆಗೆದು, ಗಂಗಮ್ಮನ ಕಲ್ಲಿನ ಮುಂದೆ ಮನೆಗೊಬ್ಬರ ಅಂಗೈಗೆ ಹುಯ್ಯುತ್ತಿದ್ದ. ಅದನ್ನು ಕುಡಿದವನು ಆಡಿದ ಮಾತಿಗೆ ತಪ್ಪುವಂತಿರಲಿಲ್ಲ. ತಪ್ಪಿದವರ ಕಥೆಗಳನ್ನು ಅಜ್ಜಿಯರು ಮಕ್ಕಳಿಗೆ ಹೇಳುತ್ತಿರಲಿಲ್ಲ. ಗದ್ದೆಗಳು ಹೋದವು, ಲೇಔಟುಗಳು ಬಂದವು, ಆದರೆ ಆ ಕಟ್ಟಿನ ಭಯ ಮಾತ್ರ ಹೋಗಲಿಲ್ಲ. ನೀರುಗಂಟಿ ಇಲ್ಲವೆಂದರೆ ಅವನ ಮನೆಯವಳು ಹುಯ್ಯಬಹುದು. ಬೇರೆಯವರ ಕೈ ನಡೆಯುವುದಿಲ್ಲ.

"ಎಲೆಕ್ಷನ್ನಿಗೆ ಯಾಕಪ್ಪ ಗಂಗಮ್ಮ?" ಎಂದಳು.

"ಯಾಕೆ ಅಂದ್ರೆ? ನಮ್ ತೂಬಿನ ಬೀದೀಲಿ ಇಪ್ಪತ್ತೆರಡು ಮನೆ. ಎಪ್ಪತ್ತು ಎಂಬತ್ತು ಓಟು. ನೆಂಟರು ಇಷ್ಟರು ಸೇರಿದ್ರೆ ಇನ್ನೂರು. ಒಂದ್ ಕಡೆ ಬಿದ್ರೆ ನಾಗಲಿಂಗಪ್ಪ ಅವರು ಗೆದ್ದಂಗೆ. ಗೆದ್ದ ಮೂರೇ ತಿಂಗಳಿಗೆ ಇಪ್ಪತ್ತೆರಡಕ್ಕೂ ಖಾತೆ ಮಾಡಿಸ್ಕೊಡ್ತೀನಿ ಅಂತ ಅವರ ಮನೆದೇವ್ರ ಮೇಲೆ ಹೇಳವ್ರೆ. ಬೀದಿ ಜನ ಇದಾರಲ್ಲ, ಬೆಳಿಗ್ಗೆ ನಮ್ಮ ಟೀ ಕುಡೀತಾರೆ, ಸಾಯಂಕಾಲ ಆ ಟೀಚರಮ್ಮನ ಬಿಸ್ಕತ್ತು. ನೀರು ಮುಟ್ಟಿದ್ರೆ ಮಾತು ತಪ್ಪಲ್ಲ."

ಟೀಚರಮ್ಮ ಎಂದರೆ ಅಕ್ಷಯಾ. ಸರ್ಕಾರಿ ಶಾಲೆಯ ಕೆಲಸ ಬಿಟ್ಟು ಪಕ್ಷವಿಲ್ಲದೆ ನಿಂತವಳು. ಅವಳು ಹೇಳುತ್ತಿದ್ದುದು ಒಂದೇ ಮಾತು: ಕೆರೆಯ ಕಾಲುವೆ ಬಿಡಿಸುತ್ತೇನೆ.

"ಕಾಲುವೆ ಬಿಡಿಸ್ತಾಳಂತೆ!" ಯೋಗಾನಂದ ಗೋಡೆಯತ್ತ ಕೈ ಮಾಡಿದ. "ಕಾಲುವೆ ಎಲ್ಲೈತೆ ಅತ್ತಿಗೆ? ಇಲ್ಲೇ ಐತೆ. ನೀವ್ ಕೂತಿರೋ ಮಣೆ ಕೆಳಗೆ."

ಸುಳ್ಳಲ್ಲ. ಬೀದಿಯ ಇಪ್ಪತ್ತೆರಡು ಮನೆಗಳೂ ನಿಂತಿದ್ದುದು ಹಳೆಯ ಕಾಲುವೆಯ ಮೇಲೆ. ಗದ್ದೆಗಳೆಲ್ಲ ಸೈಟಾದ ವರ್ಷ ಅಶ್ವತ್ಥಪ್ಪನೇ ಅದನ್ನು ಅಳೆದು ಹಂಚಿದ್ದ. ಗದ್ದೆಯಿಲ್ಲದ ಮೇಲೆ ನೀರು ಯಾಕೆ, ನೀರಿಲ್ಲದ ಮೇಲೆ ಕಾಲುವೆ ಯಾಕೆ ಎಂದು ಅವನ ಲೆಕ್ಕ. ಊರೆಲ್ಲ ಸೈಟು ಮಾರಿ ಮನೆ ಕಟ್ಟಿಕೊಳ್ಳುವಾಗ ಕೂಲಿಯವರಿಗೂ ನೀರುಗಂಟಿಗೂ ಅಂಗೈಯಗಲ ನೆಲವಿರಲಿಲ್ಲ. ನೀರು ಹಂಚಿದ ಕೈಯಿಂದಲೇ ನೀರಿನ ದಾರಿಯನ್ನೂ ಹಂಚಿ, ಯಾರೂ ಯಾರ ಮೇಲೂ ದೂರು ಕೊಡಬಾರದೆಂದು ಅಂದು ನೀರು ಮುಟ್ಟಿಸಿದ್ದ. ಮರುದಿನ ತೂಬಿಗೆ ಸಿಮೆಂಟು ಬಿತ್ತು. ಈಗ ಸರ್ವೆಯವರು ಬಂದು ಎಲ್ಲ ಮನೆಗಳ ಗೋಡೆಗೂ ಕೆಂಪು ಬಣ್ಣದಲ್ಲಿ ನಂಬರು ಬರೆದುಹೋಗಿದ್ದರು. ದ್ರೌಪದಮ್ಮನದು ಒಂದನೇ ನಂಬರು.

ತೇಜಸ್ವಿನಿ ಬಾಗಿಲಿಗೆ ಒರಗಿ ನಿಂತಿದ್ದಳು. ಗಂಡ ಬಿಟ್ಟುಹೋದ ಮೇಲೆ ಮನೆಯ ಮುಂದಿನ ಕೋಣೆಯಲ್ಲೇ ಬ್ಯೂಟಿ ಪಾರ್ಲರ್ ಇಟ್ಟುಕೊಂಡಿದ್ದಳು. ಎರಡು ಕನ್ನಡಿ, ಒಂದು ತಿರುಗುವ ಕುರ್ಚಿ. ತಾಯಿ ಮಗಳ ಅನ್ನ ಅದರಲ್ಲಿತ್ತು.

"ಅಮ್ಮ, ಯೋಚ್ನೆ ಮಾಡೋದು ಏನಿದೆ?" ಎಂದಳು. "ಟೀಚರ್ ಗೆದ್ರೆ ಜೆಸಿಬಿ ಮೊದಲು ಬರೋದು ನಮ್ಮನೆಗೆ. ನನ್ ಕುರ್ಚಿ ಎಲ್ಲಿ ಹಾಕ್ಲಿ, ರೋಡಲ್ಲಾ?"

"ನಾನೇನ್ ಬೇಡ ಅಂದ್ನಾ? ನೋಡಾಣ ಓಗು."

"ಅದೇ ನೋಡಿ, 'ನೋಡಾಣ' ಅಂದ್ರು ಅಂದ್ರೆ ನಮ್ಮ ಅತ್ತಿಗೆ ಒಪ್ಪಿದಂಗೆ," ಎಂದು ಯೋಗಾನಂದ ನಕ್ಕು ಎದ್ದ. ಎದ್ದವನು ಮೂಲೆಯ ಕೋಲನ್ನು ನೋಡಿದ. "ಇದ್ಯಾಕೆ ಒದ್ದೆ?"

ದ್ರೌಪದಮ್ಮ ಮತ್ತೆ ಬೆಳ್ಳುಳ್ಳಿ ಬಿಡಿಸತೊಡಗಿದಳು.

*

ಮರುದಿನ ಒದ್ದೆ ಎರಡನೇ ಕಚ್ಚಿಗೆ ಏರಿತ್ತು.

ತೇಜಸ್ವಿನಿ ಗೋಡೆ ಮುಟ್ಟಿ ನೋಡಿದಳು, ಬಚ್ಚಲ ಪೈಪು ಬಗ್ಗಿ ನೋಡಿದಳು. "ತೇವ ಏರ್ತಿದೆ ಅಷ್ಟೇ. ಹಳೇ ಮರ, ಹೀರ್ಕೊಳ್ತದೆ." ದ್ರೌಪದಮ್ಮ ಕೋಲನ್ನು ಒಣ ಬಟ್ಟೆಯಿಂದ ಒರೆಸಿ, ಅಟ್ಟದ ಮೇಲೆ ಅಡ್ಡ ಮಲಗಿಸಿ, ಪಕ್ಕಕ್ಕೆ ಅಕ್ಕಿ ಡಬ್ಬ ಇಟ್ಟಳು. ಮಲಗಿಸಿದ ಕೋಲಿಗೆ ತೇವ ಏರುವುದಾದರೂ ಹೇಗೆ?

ಮೂರನೆಯ ದಿನ ಬೆಳಕು ಹರಿಯುವಾಗ ಮತ್ತೆ ಅದೇ ಸದ್ದು ಟೈಲ್ಸಿನ ಕೆಳಗೆ ಬಂತು. ಹಾಸಿಗೆಯ ಕೆಳಗೆ ತಡೆದು ನಿಂತು, ದಾರಿ ಕಾಣದೆ ಎಡಕ್ಕೆ ಹೊರಳಿತು. ಎಡಕ್ಕೆಂದರೆ ತಗ್ಗಿನ ಬೀದಿಯ ಕಡೆಗೆ. ಅವಳು ಉಸಿರು ಬಿಗಿಹಿಡಿದು ಕೇಳಿದಳು. ಚಿಕ್ಕಂದಿನಲ್ಲಿ ಭಜನೆಮನೆಯ ಕಂಬಕ್ಕೊರಗಿ ರಾತ್ರಿಯಿಡೀ ಪದ್ಯ ಕೇಳಿದ ಕಿವಿ ಅವಳದು. ಓದುವವರು ಸಾಲಿನ ಕೊನೆಯಲ್ಲಿ ಉಸಿರು ತೆಗೆದುಕೊಳ್ಳುವುದನ್ನೂ ಕೇಳಿಸಿಕೊಳ್ಳುತ್ತಿದ್ದಳು. ಈ ನೀರು ಕೂಡ ಹಾಗೆ ಸಾಲು ಮುಗಿಸಿ ಉಸಿರು ತೆಗೆದುಕೊಳ್ಳುತ್ತಿತ್ತು. ನಾಲ್ಕು ಸಾಲು, ಮತ್ತೆ ಮೊದಲಿಂದ. ಆ ಲಯ ಎಲ್ಲಿಯದೆಂದು ಅವಳಿಗೆ ತಟ್ಟನೆ ನೆನಪಾಯಿತು. ನೀರು ಬಿಡುವ ಮೊದಲು ಅಶ್ವತ್ಥಪ್ಪ ತೂಬಿನ ಕಲ್ಲಿಗೆ ಕೈಮುಗಿದು ಹೇಳುತ್ತಿದ್ದ ಪದ್ಯ, ಅವರಪ್ಪನಿಂದ ಬಂದದ್ದು:

ಕಡೆಯ ಗದ್ದೆಗೆ ಮೊದಲ ನೀರು,
ನಡುವೆ ಇದ್ದರೆ ನಡುವೆ ನೀರು,
ತೂಬ ಕಾಯ್ದವನ ಮಡಿಗೆ ಎಲ್ಲರ ಹಿಂದೆ ನೀರು;
ಮುರಿದರೀ ಮಾತ, ಗಂಗೆ ತಾನೇ ಮನೆಗೆ ಬರುವಳು.

ಅಟ್ಟದಿಂದ ಕೋಲನ್ನು ಇಳಿಸಿದಾಗ ಒದ್ದೆ ಮೂರನೇ ಕಚ್ಚಿನಲ್ಲಿತ್ತು. ಅಕ್ಕಿ ಡಬ್ಬ ಒಣಗಿತ್ತು.

ಸುದ್ದಿ ಎಷ್ಟು ಹೊತ್ತು ಮನೆಯೊಳಗೆ ಕೂರುತ್ತದೆ? ಐಬ್ರೋ ಮಾಡಿಸಲು ಬಂದವರಿಗೆ ತೇಜಸ್ವಿನಿ ನಗುತ್ತ ಹೇಳಿದಳು. ಅವರು ನಗದೆ ಕೇಳಿಕೊಂಡು ಹೋದರು. ಸಂಜೆಗೆ ಬೀದಿಯ ಹೆಂಗಸರು ಅರಿಸಿನ ಕುಂಕುಮ ತಂದು ಕೋಲಿಗೆ ಹಚ್ಚಿದರು. ಯೋಗಾನಂದ ಕೋಲಿನ ಫೋಟೋ ತೆಗೆದು ಫೋನಿನಲ್ಲಿ ಎಲ್ಲರಿಗೂ ಕಳಿಸಿದ.

"ಗಂಗಮ್ಮ ಒಪ್ಪವ್ಳೆ ಅತ್ತಿಗೆ! ನೀರು ಮುಟ್ಟಿಸಿ ಅಂತ ತಾನೇ ಮನೆಗೆ ಬಂದವ್ಳೆ. ಇನ್ನೇನ್ ಬೇಕು ಸೈನು?"

ಎಲ್ಲರಿಗೂ ಹಾಗೇ ಅನಿಸಿತು. ಹಾಗನಿಸುವುದು ಸಹಜ. ದೇವಿ ಮನೆಗೆ ಬಂದರೆ ಒಳ್ಳೆಯದಕ್ಕೇ ಬಂದಳೆಂದು ಕೊಂಡಾಡುವ ಜನ. ಪದ್ಯದ ಕೊನೆಯ ಸಾಲನ್ನು ಕೇಳಿದವರು ಬೀದಿಯಲ್ಲಿ ಯಾರೂ ಉಳಿದಿರಲಿಲ್ಲ. ದ್ರೌಪದಮ್ಮ ಒಬ್ಬಳನ್ನು ಬಿಟ್ಟು.

ನಾಲ್ಕನೆಯ ದಿನ ನಾಲ್ಕನೇ ಕಚ್ಚು. ಆಮೇಲೆ ಏರಲಿಲ್ಲ. ಗುರುವಾರವೂ ನಾಲ್ಕು, ಶುಕ್ರವಾರವೂ ನಾಲ್ಕು. ಒರೆಸಿದರೂ, ಬಿಸಿಲಿಗಿಟ್ಟರೂ ಅರ್ಧ ಗಂಟೆಯಲ್ಲಿ ಗೆರೆ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತಿತ್ತು, ಅಳೆದುಬಿಟ್ಟ ನೀರಿನಂತೆ.

ಅಳೆದದ್ದು ಏನನ್ನು? ಕೋಲು ಸುಮ್ಮನೆ ಒದ್ದೆಯಾಗುವುದಿಲ್ಲ. ಎಲ್ಲೋ ನಾಲ್ಕು ಗೇಣು ನೀರು ನಿಂತಿದ್ದರೆ ಮಾತ್ರ ನಾಲ್ಕು ಗೇಣು ಒದ್ದೆಯಾಗುತ್ತದೆ. ಎಲ್ಲಿ ಎಂಬುದು ದ್ರೌಪದಮ್ಮನಿಗೆ ಮೊದಲ ದಿನವೇ ಗೊತ್ತಿತ್ತು ಎಂದರೂ ತಪ್ಪಲ್ಲ. ಗೊತ್ತಿದ್ದನ್ನು ಹೋಗಿ ನೋಡುವುದಕ್ಕೆ ಐದು ದಿನ ಬೇಕಾಯಿತು, ಅಷ್ಟೆ.

*

ಶುಕ್ರವಾರ ಮಧ್ಯಾಹ್ನ ಕೋಲು ಹಿಡಿದು ತಗ್ಗಿನ ಬೀದಿಗೆ ಇಳಿದಳು. ಮನೆಯಿಂದ ನೂರು ಹೆಜ್ಜೆ. ಹೋದ ವರ್ಷಕ್ಕೂ ಹಿಂದಿನ ಸೆಪ್ಟೆಂಬರಿನಿಂದ ಆ ನೂರು ಹೆಜ್ಜೆಯನ್ನು ಅವಳು ಇಟ್ಟಿರಲಿಲ್ಲ. ತರಕಾರಿಗೂ ಸುತ್ತಿಕೊಂಡು ಹೋಗುತ್ತಿದ್ದಳು. ಆ ಸೆಪ್ಟೆಂಬರಿನಲ್ಲಿ ಕೆರೆ ಕೋಡಿ ಬಿದ್ದು, ನೀರು ತನ್ನ ಹಳೆಯ ಕಾಲುವೆಯನ್ನು ಹುಡುಕಿಕೊಂಡು ಬಂದಿತ್ತು. ಬಂದದ್ದು ಒಂದನೇ ನಂಬರಿನ ಮನೆಯ ಪಾಯಕ್ಕೆ ಬಡಿದು, ಎಡಕ್ಕೆ ಹೊರಳಿ, ಒಟ್ಟಿಗೇ ತಗ್ಗಿನ ಬೀದಿಗೆ ನುಗ್ಗಿತು. ಹಗಲು ಮೂರು ಗಂಟೆ. ತೂಬಿನ ಬೀದಿಯಲ್ಲಿ ಯಾರ ಪಾದವೂ ನೆನೆಯಲಿಲ್ಲ. ಕೆಳಗೆ ಟೈಲರ್ ಮೊಯಿನುದ್ದೀನ್ ಮಂಚದ ಮೇಲೇ ತೀರಿಹೋದ.

ಅವನ ಹೆಂಡತಿ ದಿಲ್ಶಾದ್ ಶಾಲೆಯ ಯೂನಿಫಾರಂ ಹೊಲಿಯುತ್ತ ಕೂತಿದ್ದಳು. ಬಾಗಿಲಲ್ಲಿ ಬಿದ್ದ ನೆರಳನ್ನು ನೋಡಿ ಮಿಷನ್ನು ನಿಲ್ಲಿಸಿದಳು.

"ಅರೆ, ದ್ರೌಪದಕ್ಕ! ಬನ್ನಿ ಬನ್ನಿ. ಎಷ್ಟ್ ದಿನ ಆಯ್ತು. ದಾರಿ ಮರ್ತೋಯ್ತಾ ಅಂದ್ಕೊಂಡಿದ್ದೆ."

"ದಾರಿ ಮರೀತದಾ? ಕಾಲು ಬರ್ಲಿಲ್ಲ ಕಣಮ್ಮ."

"ಈಗ ಬಂತಲ್ಲ, ಕೂತ್ಕೊಳ್ಳಿ. ಚಾ ಮಾಡ್ತೀನಿ. ಸಕ್ಕರೆ ಬಿಟ್ಟಿದೀರಾ, ಹಾಕ್ಲಾ?"

"ಆಕು."

ದಿಲ್ಶಾದ್ ಒಳಗೆ ಹೋದಳು. ಒಂದೇ ಕೋಣೆಯ ಮನೆ. ಗೋಡೆಗೆ ಹೊಸದಾಗಿ ಹಸಿರು ಸುಣ್ಣ ಬಳಿದಿದ್ದರೂ ಅದರ ಅಡಿಯಿಂದ ಕಂದು ಗೆರೆಯೊಂದು ನಾಲ್ಕೂ ಗೋಡೆಯನ್ನು ಸುತ್ತಿ ಎದ್ದು ಕಾಣುತ್ತಿತ್ತು. ನೀರು ನಿಂತ ಗುರುತು. ದ್ರೌಪದಮ್ಮ ಎದ್ದು, ಕೋಲಿನ ಬುಡವನ್ನು ನೆಲಕ್ಕೂರಿ, ಗೋಡೆಗೆ ನೇರವಾಗಿ ಹಿಡಿದಳು.

ನಾಲ್ಕನೇ ಕಚ್ಚು ಕಂದು ಗೆರೆಯ ಮೇಲೆ ಕೂತಿತು. ಕೂದಲೆಳೆಯಷ್ಟೂ ಆಚೀಚೆ ಇಲ್ಲ.

"ಮೂರ್ ಸಲ ಪೇಂಟ್ ಮಾಡಿಸ್ದೆ ಅಕ್ಕ," ಹಿಂದಿನಿಂದ ದಿಲ್ಶಾದಳ ದನಿ ಬಂತು. ಅವಳು ಲೋಟ ಹಿಡಿದು ನಿಂತಿದ್ದಳು. ಕೋಲನ್ನು ಕಂಡು ಏನು ಎತ್ತ ಎಂದು ಕೇಳಲಿಲ್ಲ. "ಮತ್ತೆ ಬಂದ್ಬಿಡುತ್ತೆ. ಈಗ ಬಿಟ್ಬಿಟ್ಟಿದೀನಿ."

ಇಬ್ಬರೂ ಚಾ ಕುಡಿಯತೊಡಗಿದರು. ಮಿಷನ್ನಿನ ಮೇಲೆ ಅರ್ಧ ಹೊಲಿದ ನೀಲಿ ತೋಳು ತೂಗುತ್ತಿತ್ತು.

"ಒಂದ್ ಮಾತು ಯಾರಿಗೂ ಹೇಳಿಲ್ಲ ಅಕ್ಕ," ದಿಲ್ಶಾದ್ ಲೋಟದ ಅಂಚನ್ನು ಸೆರಗಿನಿಂದ ಒರೆಸುತ್ತ ಹೇಳಿದಳು. "ಹೇಳಿದ್ರೆ ಹುಚ್ಚಿ ಅಂತಾರೆ. ನಿಮಗೆ ಹೇಳ್ಬೋದು. ನಮ್ಮವರಿಗೆ ಲಕ್ವ ಹೊಡೆದ ಮೇಲೆ ಮಾತು ಹೋಗಿತ್ತಲ್ಲ, ಎರಡು ವರ್ಷ 'ಊಂ' ಬಿಟ್ರೆ ಇನ್ನೊಂದಿಲ್ಲ. ಆವತ್ತು ನಾನು ಬಾಗಿಲ ಹತ್ರ ಬಟ್ಟೆ ಮಡಚ್ತಾ ಇದ್ದೆ. ನೀರು ಇನ್ನೂ ಬಂದಿರ್ಲಿಲ್ಲ. ಮೇಲಿಂದ ಯಾರೋ ಕೂಗ್ದಂಗಾಯ್ತು, ಉದ್ದಕ್ಕೆ. ನಾನು ತಿರುಗಿ ನೋಡ್ತೀನಿ, ಇವರು ಮಂಚದ ಮೇಲೆ ಕುತ್ತಿಗೆ ಎತ್ತವ್ರೆ. ಮುಖ ನಗ್ತಾ ಇದೆ, ಕಸಮ್. ಸಾಫಾಗಿ, ನೀವ್ ನಾನ್ ಮಾತಾಡ್ದಂಗೆ, 'ಬಂತು ನೀರು' ಅಂದ್ರು. ಆಮೇಲೆ ಬಂತು."

ದ್ರೌಪದಮ್ಮನ ಕೈಯ ಲೋಟ ತಣ್ಣಗಾಯಿತು.

ಗದ್ದೆಗಳಿದ್ದ ಕಾಲದಲ್ಲಿ ಕಾಲುವೆಯ ಕಟ್ಟಕಡೆಯ ಗದ್ದೆ ಮೊಯಿನುದ್ದೀನನ ತಂದೆಯದು. ಬರಗಾಲವಾಗಲಿ ಸುಗ್ಗಿಯಾಗಲಿ ಅಶ್ವತ್ಥಪ್ಪ ಮೊದಲ ನೀರನ್ನು ಬಿಡುತ್ತಿದ್ದುದು ಅದಕ್ಕೇ. ತೂಬು ಎತ್ತಿ, ಕೆರೆಯ ಏರಿಯ ಮೇಲೆ ನಿಂತು, ಬಾಯಿಗೆ ಕೈ ಅಡ್ಡಹಿಡಿದು ಕೂಗುತ್ತಿದ್ದ: "ಕಡೇ ಗದ್ದೇ... ಬಂತೋ ನೀರು?" ಕೆಳಗೆ ಬದುವಿನ ಮೇಲೆ ಕಾದು ಕೂತಿರುತ್ತಿದ್ದ ಮೊಯಿನುದ್ದೀನ್ ಎದ್ದು ನಿಂತು ಉತ್ತರ ಕೂಗುತ್ತಿದ್ದ. ಆ ಉತ್ತರ ಬರುವವರೆಗೆ ನೀರುಗಂಟಿ ಬೇರೆ ಯಾರ ಮಡಿಗೂ ನೀರು ತಿರುಗಿಸುವಂತಿರಲಿಲ್ಲ. ಅದು ನೇಮ.

ಪ್ರವಾಹ ಬಂದಾಗ ಅಶ್ವತ್ಥಪ್ಪ ಸತ್ತು ಎರಡು ವರ್ಷವಾಗಿತ್ತು.

"ಓಟು ಯಾರಿಗೆ ಆಕ್ತೀಯ ದಿಲ್ಶಾದಮ್ಮ?" ದ್ರೌಪದಮ್ಮ ಕೇಳಿದಳು.

"ಟೀಚರಿಗೆ ಅಕ್ಕ. ಮುಚ್ಚಿಡೋದೇನಿದೆ? ಕಾಲುವೆ ಬಿಟ್ರೆ ಈ ಬೀದಿಯ ಅರವತ್ತು ಮನೆ ಉಳೀತದೆ. ಮಳೆ ಮೋಡ ಕಂಡ್ರೆ ಸಾಕು, ಮಕ್ಕಳನ್ನ ಮಹಡಿ ಹತ್ತಿಸ್ತೀವಿ ಇಲ್ಲಿ." ಹೇಳಿದವಳು ತಟ್ಟನೆ ನಿಲ್ಲಿಸಿ, ದನಿ ತಗ್ಗಿಸಿದಳು. "ಆದ್ರೆ ನಿಮ್ಮನೆ ಹೋಗುತ್ತೆ ಅಂತಾನೂ ಗೊತ್ತು. ಅವರಿಗೇ ಹಾಕಿ ಅಂತ ನಿಮಗೆ ನಾನು ಹೇಳಲ್ಲ. ತೇಜೂ ಪಾಪ, ನಮ್ಮ ಹುಡುಗಿ ರುಖ್ಸಾರ್ ಮದ್ವೇಲಿ ಮೇಕಪ್ ಮಾಡಿ ಒಂದ್ ಪೈಸೆ ತಗೊಳ್ಲಿಲ್ಲ. ನಾನು ಹೆಂಗೆ ಹೇಳ್ಲಿ?"

ದಿಲ್ಶಾದ್ ಬೇಡಿಕೊಂಡಿದ್ದರೆ ಎದ್ದು ಬರುವುದು ಸುಲಭವಿತ್ತು. ಅವಳು ಬೇಡಲಿಲ್ಲ.

*

ಶನಿವಾರ ದ್ರೌಪದಮ್ಮ ಮನೆ ಬಿಟ್ಟು ಕದಲಲಿಲ್ಲ. ಮಗಳು ಪಾರ್ಲರಿನಲ್ಲಿ ಒಬ್ಬ ಮದುಮಗಳಿಗೆ ಜಡೆ ಹಾಕುತ್ತಿದ್ದುದನ್ನು ಬಾಗಿಲಿನಿಂದ ನೋಡಿದಳು. ಮಗಳ ಬೆರಳು ಎಷ್ಟು ಚುರುಕು. ಈ ಕುರ್ಚಿ, ಈ ಕನ್ನಡಿ, ಕಿಟಕಿಯ ಮನಿಪ್ಲಾಂಟು. ಮೂವತ್ತನಾಲ್ಕರ ಹೆಣ್ಣನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು? ಚಿಕ್ಕಬಾಣಾವರದ ತಂಗಿಯ ಮನೆಯ ಮಹಡಿ ಮೇಲಿನ ಶೀಟಿನ ಕೋಣೆಗೆ? ಓಟು ಎಂದರೆ ಮನೆಗೆ ಏನು ಬೇಕೋ ಅದನ್ನು ಕೇಳುವುದು ಎಂದೇ ಅವಳು ಇಷ್ಟು ವರ್ಷ ತಿಳಿದಿದ್ದಳು. ಬೀದಿದೀಪ ಬೇಕೆಂದಾಗ ದೀಪ ಹಾಕಿಸುವವನಿಗೆ, ರೇಷನ್ ಕಾರ್ಡು ಬೇಕೆಂದಾಗ ಕಾರ್ಡು ಮಾಡಿಸುವವನಿಗೆ. ಅದರಲ್ಲಿ ಅವಳಿಗೆ ಯಾವತ್ತೂ ತಪ್ಪು ಕಂಡಿರಲಿಲ್ಲ. ಈಗಲೂ ಮನೆಗೆ ಬೇಕಾದ್ದು ಒಂದೇ: ಖಾತೆ.

ಸಂಜೆ ದೇವರ ಮುಂದೆ ದೀಪ ಹಚ್ಚಿ, "ತಾಯಿ, ನಂಗೇನ್ ಬೇಕು ಅಂತ ನಿಂಗ್ ಗೊತ್ತು," ಎಂದಳು. ನೆಲದ ಕೆಳಗಿನ ನೀರು ಒಂದು ಸಾಲು ಮುಗಿಸಿ, ಉಸಿರು ತೆಗೆದುಕೊಂಡು, ಸುಮ್ಮನಾಯಿತು. ಅಂಥ ಮೌನವನ್ನು ಅವಳು ಆ ಮನೆಯಲ್ಲಿ ಕೇಳಿರಲಿಲ್ಲ. ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವವರ ಮೌನ ಅದು.

ಭಾನುವಾರ ಬೆಳಿಗ್ಗೆ ಕೋಲು ಒಣಗಿತ್ತು. ಬುಡದಿಂದ ತುದಿಯವರೆಗೆ ಸೌದೆಯಂತೆ ಒಣಗಿತ್ತು.

ಏರಿಯ ಮೇಲೆ ಶಾಮಿಯಾನ ಹಾಕಿದ್ದರು. ಇಪ್ಪತ್ತೆರಡು ಮನೆಗಳಿಂದಲೂ ಜನ ಬಂದಿದ್ದರು. ಗಂಗಮ್ಮನ ಕಲ್ಲಿಗೆ ಹೂವಿನ ಹಾರ, ಪಕ್ಕದಲ್ಲಿ ಸಿಮೆಂಟು ಮೆತ್ತಿದ ತೂಬಿನ ಬಾಯಿ. ತೂಬಿನಲ್ಲಿ ನೀರಿಲ್ಲದ್ದರಿಂದ ಯೋಗಾನಂದ ಇಪ್ಪತ್ತು ಲೀಟರಿನ ಕ್ಯಾನನ್ನು ಬಗ್ಗಿಸಿ ತಾಮ್ರದ ಚೊಂಬು ತುಂಬಿದ.

"ಏಯ್ ಯೋಗ, ಗಂಗಮ್ಮಂಗೂ ಬಿಸ್ಲೇರಿ ಕುಡಿಸ್ತೀಯೇನೋ?" ಯಾರೋ ಹಿಂದಿನಿಂದ ಕೂಗಿದರು. ಜನ ನಕ್ಕರು.

"ಕೆರೆ ನೀರು ಕುಡಿದ್ರೆ ಓಟಿಗಿಂತ ಮುಂಚೆ ಆಸ್ಪತ್ರೆಗೆ ಹೋಗ್ತೀರ ಕಣ್ರೋ," ಯೋಗಾನಂದನೂ ನಕ್ಕ. ಚೊಂಬನ್ನು ದ್ರೌಪದಮ್ಮನ ಕೈಗೆ ಕೊಟ್ಟು, "ಹೂಂ, ಅತ್ತಿಗೆ. ಶುರು ಮಾಡಿ. ಮೊದಲು ನಮ್ಮನೆಯವರಿಂದಾನೇ ಆಗ್ಲಿ," ಎಂದು ತೇಜಸ್ವಿನಿಯನ್ನು ಮುಂದೆ ತಳ್ಳಿದ. ತೇಜಸ್ವಿನಿ ಅಂಗೈ ಬಟ್ಟಲು ಮಾಡಿ ಚಾಚಿದಳು.

ದ್ರೌಪದಮ್ಮ ಹುಯ್ಯಲಿಲ್ಲ. ಎಡಗೈಯ ಕೋಲನ್ನು ತೂಬಿನ ಕಲ್ಲಿಗೆ ಊರಿ ನಿಂತಳು.

"ನೇಮ ಇಂಗಲ್ಲ," ಎಂದಳು. "ನೀರುಗಂಟಿ ಮನೇದು ಎಲ್ರಿಗಿಂತ ಹಿಂದೆ. ಮೊದ್ಲು ಕಡೇ ಗದ್ದೆ."

"ಯಾವ ಗದ್ದೆ ಅತ್ತಿಗೆ? ಗದ್ದೆ ಎಲ್ಲೈತೆ ಈಗ?"

ಅವಳು ತಗ್ಗಿನ ಬೀದಿಯ ಕಡೆ ತಿರುಗಿದಳು. ಆ ಕೂಗನ್ನು ಅವಳು ಹೆಂಡತಿಯಾಗಿ ಸಾವಿರ ಸಲ ಕೇಳಿದ್ದಳು, ಬಾಯಿಬಿಟ್ಟು ಒಂದು ಸಲವೂ ಕೂಗಿರಲಿಲ್ಲ. ದನಿ ಮೊದಲು ಒಡೆದು, ಆಮೇಲೆ ಏರಿಯ ಉದ್ದಕ್ಕೂ ಹರಡಿತು.

"ಕಡೇ ಗದ್ದೇ... ಬಂತೋ ನೀರು?"

ಏರ್‌ಪೋರ್ಟ್ ರೋಡಿನ ಕಡೆಯಿಂದ ಬರುತ್ತಿದ್ದ ವಾಹನಗಳ ಮೊರೆತ ನಿಂತಂತಾಯಿತು. ಶಾಮಿಯಾನದ ಅಂಚು ಅಲ್ಲಾಡಲಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿದರು. ಆಗ ಹದಿನೆಂಟು ವರ್ಷದ ಸಿಮೆಂಟಿನ ಹಿಂದಿನಿಂದ, ತೂಬಿನ ಬಾಯಿಯ ಒಳಗಿನಿಂದ, ಕೆಳಗೆ ಬಹಳ ದೂರದಲ್ಲಿ ಬದುವಿನ ಮೇಲೆ ಎದ್ದು ನಿಂತವನ ದನಿಯಲ್ಲಿ ಉತ್ತರ ಬಂತು.

"ಬಂತು ನೀರು..."

ನಗುವ ದನಿ.

ಹಿಂದೆ ಇದ್ದ ಹೆಂಗಸೊಬ್ಬಳು ಮಗುವನ್ನು ಎತ್ತಿಕೊಂಡು ಏರಿಯಿಂದ ಇಳಿದು ನಡೆದಳು. ಬಿಸ್ಲೇರಿ ಎಂದವನು ಟೋಪಿ ತೆಗೆದ. ಕೇಳಿಸಲಿಲ್ಲ ಎಂದು ಯಾರೂ ಹೇಳಲಿಲ್ಲ. ಕೇಳಿಸಿತು ಎಂದೂ ಹೇಳಲಿಲ್ಲ. ಯೋಗಾನಂದನ ಒಂದು ಫೋನು ಬಡಿದುಕೊಳ್ಳುತ್ತಿತ್ತು, ಅವನು ಅದನ್ನು ಮುಟ್ಟಲಿಲ್ಲ.

"ಯಾರೋ... ಯಾರೋ ಕೆಳಗಿಂದ ಆಡ್ಕೊಳ್ತಾವ್ರೆ," ಎಂದ. "ಅತ್ತಿಗೆ, ಜನ ಎದ್ದೋಗ್ತಾರೆ. ಬೇಗ ಹುಯ್ರಿ."

"ನಮ್ಮನೆಯೋರು ಇಲ್ಲೇ ಒಂದ್ಸಲ ತಪ್ಪು ಉಯ್ದವ್ರೆ," ದ್ರೌಪದಮ್ಮ ಮೆಲ್ಲಗೆ ಹೇಳಿದಳು. ಮೈದುನನಿಗಲ್ಲ, ಸೇರಿದ್ದ ಎಲ್ಲರಿಗೂ. "ನೀರಿನ ದಾರಿ ಅಂಚಿ, ಅದರ ಮ್ಯಾಲೆ ಆಣೆ ಉಯ್ದ್ರು. ಅದನ್ನ ಕುಡಿದಿದ್ದು ನಾವು, ಸತ್ತಿದ್ದು ಮೊಯಿನುದ್ದೀನು. ನಿಮ್ ಓಟು ನಿಮ್ದು ಕಣ್ರಪ್ಪ, ನಿಮ್ ಮನೆ ಕಷ್ಟ ನಿಮಗೇ ಗೊತ್ತು. ಯಾರಿಗ್ ಬೇಕೋ ಆಕ್ಕಳಿ, ನಾನ್ ಕೇಳಲ್ಲ. ನನ್ ಓಟು ಕಡೇ ಗದ್ದೆಗೆ."

"ಮನೆ ಹೋಗುತ್ತಮ್ಮ." ತೇಜಸ್ವಿನಿಯ ಕೈ ಇನ್ನೂ ಚಾಚಿದಂತೆಯೇ ಇತ್ತು. ಕಣ್ಣ ಕಾಡಿಗೆ ಕೆನ್ನೆಗೆ ಇಳಿದಿತ್ತು. "ನಮ್ಮನೆ. ನನ್ನ ಕುರ್ಚಿ, ಕನ್ನಡಿ, ಎಲ್ಲಾ. ಗೊತ್ತಲ್ಲ ನಿನಗೆ?"

"ಗೊತ್ತು."

"ಜನಕ್ಕೆ ಬೇಡ, ಚಿಕ್ಕಪ್ಪಂಗೂ ಬೇಡ, ಬಿಡು. ನನಗೋಸ್ಕರ. ನಾನು ನಿನ್ನ ಹತ್ರ ಇದುವರೆಗೆ ಏನೂ ಕೇಳಿಲ್ಲ. ಒಂದ್ ಗುಟುಕು ಹುಯ್ಯಮ್ಮ."

ದ್ರೌಪದಮ್ಮ ಚೊಂಬನ್ನು ಎದೆಗೆ ಒತ್ತಿಕೊಂಡು ಮಗಳ ಅಂಗೈಯನ್ನು ನೋಡಿದಳು. ಅದರ ಗೆರೆಗಳಲ್ಲಿ ಮದುಮಗಳ ಜಡೆಯ ಮಲ್ಲಿಗೆಯ ದಾರದ ಗುರುತು ಇನ್ನೂ ಇತ್ತು.

"ಇಲ್ಲ ಮಗಳೇ," ಎಂದಳು. "ಉಯ್ಯಲ್ಲ."